ಮುನ್ನೂರು ಮೀಟರ್ ಇರುವಾಗ

"ಗುರುಗಳೇ, ಶಿಕ್ಷೆ ಮುಗಿಸಿದ ಮೇಲೆ ತಪ್ಪೂ ಮುಗಿದ ಹಾಗಲ್ಲವೇ?" ಎಂದು ಶಿಷ್ಯ ಕೇಳಿದ.

ಸುಳ್ಳು ಹೇಳಿದ್ದಕ್ಕಾಗಿ ಅವನನ್ನು ಒಂದು ವರ್ಷ ಮಠದಿಂದ ಹೊರಗಿಟ್ಟಿದ್ದರು. ಆ ದಿನ ಬೆಳಿಗ್ಗೆಯಷ್ಟೇ ಹಿಂತಿರುಗಿದ್ದ. ಚೀಲ ಇನ್ನೂ ಹೆಗಲಲ್ಲೇ ಇತ್ತು.

"ಕುಳಿತುಕೋ" ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಓಟಗಾರನಿದ್ದ. ಅವನದು ಎಂಟುನೂರು ಮೀಟರ್ ಓಟ. ಮೈದಾನಕ್ಕೆ ಎರಡು ಸುತ್ತು. ನೂರು ಮೀಟರಿನವನು ಮೊದಲ ಹೆಜ್ಜೆಯಿಂದಲೇ ಇದ್ದ ಬಲವನ್ನೆಲ್ಲ ಹಾಕಿ ಓಡುತ್ತಾನೆ. ಎಂಟುನೂರಿನವನು ಹಾಗೆ ಓಡಲಾರ. ಬಲ ಉಳಿಸಿಕೊಳ್ಳಬೇಕು. ಉಳಿಸಿದ್ದನ್ನೆಲ್ಲ ವೇಗಕ್ಕೆ ಎಲ್ಲಿ ಬಿಡಬೇಕು ಎಂಬುದೇ ಆ ಓಟದ ವಿದ್ಯೆ. ಬೇಗ ಬಿಟ್ಟರೆ ಗೆರೆ ಮುಟ್ಟುವ ಮೊದಲೇ ಕಾಲು ಕಟ್ಟಿಕೊಳ್ಳುತ್ತದೆ. ತಡವಾಗಿ ಬಿಟ್ಟರೆ ಮುಂದಿನವರು ಸಿಗುವುದಿಲ್ಲ. ಗಡಿಯಾರ ಅದನ್ನು ಹೇಳುವುದಿಲ್ಲ. ಓಡುವವನ ಉಸಿರೇ ಹೇಳಬೇಕು.

ಆರು ವರ್ಷ ಅವನು ನಾಲ್ಕನೆಯವನೋ ಐದನೆಯವನೋ ಆಗುತ್ತಿದ್ದ. ಏಳನೆಯ ವರ್ಷ ಉದ್ದೀಪನ ಮದ್ದಿನ ಸೂಜಿ ಚುಚ್ಚಿಸಿಕೊಂಡ. ಅಲ್ಲಿಂದ ಗೆಲ್ಲತೊಡಗಿದ. ಮಿಕ್ಕವರು ಕೊನೆಯ ತಿರುವಿನವರೆಗೆ ಬಲ ಕಾಯ್ದುಕೊಳ್ಳುತ್ತಿದ್ದರು. ಅವನು ಇನ್ನೂ ಮುನ್ನೂರು ಮೀಟರ್ ಇರುವಾಗಲೇ ಬಿಡುತ್ತಿದ್ದ. ಯಾರೂ ಹಿಡಿಯಲಾಗುತ್ತಿರಲಿಲ್ಲ.

ಎರಡನೆಯವನಾಗಿ ಬರುತ್ತಿದ್ದವನು ಯಾವಾಗಲೂ ಅದೇ ಒಬ್ಬ. ವಯಸ್ಸಿನಲ್ಲಿ ಚಿಕ್ಕವನು. ಒಂದು ದಿನ ಓಟ ಮುಗಿದ ಮೇಲೆ ಅವನು ಓಟಗಾರನ ಪಕ್ಕ ಬಂದು ಕುಳಿತ.

"ಅಣ್ಣಾ, ಅಷ್ಟು ದೂರದಿಂದ ಹೇಗೆ ಬಿಡ್ತೀಯ? ಅಲ್ಲಿ ನನಗೆ ಉಸಿರೇ ಸಾಲಲ್ಲ."

"ಉಸಿರನ್ನ ಕೇಳ್ತಾ ಕೂತರೆ ಅದು ಬೇಡ ಅಂತಲೇ ಹೇಳುತ್ತೆ. ನಾನು ಬಿಟ್ಟಾಗ ನೀನೂ ಬಿಡು. ಗುಂಡಿಗೆ ಬೇಕು ಕಣೋ, ಅಷ್ಟೇ."

ಎರಡನೆಯವನು ನಂಬಿದ. ಮುಂದಿನ ಓಟದಲ್ಲಿ ಮುನ್ನೂರು ಇರುವಾಗಲೇ ಬಿಟ್ಟ. ಕೊನೆಯ ಐವತ್ತು ಮೀಟರಿನಲ್ಲಿ ಕಾಲು ಏಳಲಿಲ್ಲ. ಐದನೆಯವನಾದ. ತನಗೆ ಗುಂಡಿಗೆ ಸಾಲದು ಎಂದುಕೊಂಡ. ಮತ್ತೆ ಅಲ್ಲಿಯೇ ಬಿಟ್ಟ. ಕೊನೆಯವನಾದ. ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಓಟ ಬಿಟ್ಟು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಆಟದ ಮೇಷ್ಟ್ರಾದ.

ಓಟಗಾರ ಸಿಕ್ಕಿಬಿದ್ದ. ಮೂತ್ರ ಪರೀಕ್ಷೆಯಲ್ಲಿ ಮದ್ದು ಕಾಣಿಸಿತು. ಅವನು ವಾದಿಸಲಿಲ್ಲ. ನಾಲ್ಕು ವರ್ಷ ಓಡಬಾರದು ಎಂದರು. ಒಪ್ಪಿ ಸಹಿ ಹಾಕಿದ. ಪದಕಗಳನ್ನು ಹಿಂದಕ್ಕೆ ಕೊಟ್ಟ. ಪತ್ರಿಕೆಯವರ ಮುಂದೆ ನಿಂತು ತಪ್ಪಾಯಿತು ಎಂದ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಎರಡನೆಯವನಿಗೆ ಆಡಿದ ಮಾತಿನ ಬಗ್ಗೆ ಯಾರೂ ಕೇಳಲಿಲ್ಲ. ಅದು ಯಾವ ನಿಯಮದಲ್ಲೂ ಇರಲಿಲ್ಲ.

ನಾಲ್ಕು ವರ್ಷ ಕಳೆಯಿತು. ಇನ್ನು ಓಡಬಹುದು ಎಂಬ ಕಾಗದ ಬಂತು. ಎರಡನೆಯವನಿಗೆ ಸಿಗಬೇಕಿದ್ದ ಪದಕಗಳನ್ನು ತಾನು ಕಿತ್ತುಕೊಂಡಿದ್ದೆನಲ್ಲ, ಅವನ ಮುಂದೊಮ್ಮೆ ತಪ್ಪೊಪ್ಪಿಕೊಂಡರೆ ಎಲ್ಲ ಮುಗಿಯುತ್ತದೆ ಎಂದುಕೊಂಡು ಆ ಶಾಲೆಗೆ ಹೋದ.

ಸಂಜೆ. ಹುಡುಗಿಯರು ಎರಡು ಸುತ್ತಿನ ಓಟ ಓಡುತ್ತಿದ್ದರು. ಮುನ್ನೂರು ಮೀಟರ್ ಉಳಿದಾಗ ಎರಡನೆಯವನು ಸೀಟಿ ಊದಿದ. ಎಲ್ಲರೂ ಅಲ್ಲಿಯೇ ಬಲ ಬಿಟ್ಟರು. ಗೆರೆಯ ಹತ್ತಿರ ಬರುವಾಗ ಇಬ್ಬರು ನಡೆಯುತ್ತಿದ್ದರು. ಒಬ್ಬಳು ಪಕ್ಕೆ ಹಿಡಿದುಕೊಂಡು ಕುಳಿತುಬಿಟ್ಟಳು.

"ಬಾ ಅಣ್ಣಾ" ಎಂದ ಎರಡನೆಯವನು. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು. "ಸೂಜಿ ವಿಷಯ ಪೇಪರಿನಲ್ಲಿ ಓದಿದೆ. ಮುಗೀತಲ್ಲ, ಹೋಗಲಿ ಬಿಡು. ನೀನು ಹೇಳಿಕೊಟ್ಟದ್ದನ್ನ ಮಾತ್ರ ನಾನು ಮರೆತಿಲ್ಲ. ನೋಡಿದೆಯಲ್ಲ, ಮುನ್ನೂರಕ್ಕೇ ಬಿಡಿಸ್ತೀನಿ. ಇವರಿಗೂ ನನ್ನ ಹಾಗೇ ಗುಂಡಿಗೆ ಸಾಲದು. ಬರುತ್ತೆ."

ಓಟಗಾರ ಬಂದ ಕೆಲಸ ಅಲ್ಲಿಗೆ ಮುಗಿದಿತ್ತು. ಅವನು ಕೇಳುವ ಮೊದಲೇ ಕ್ಷಮೆ ಸಿಕ್ಕಿತ್ತು. ಊರಿಗೆ ಹಿಂತಿರುಗುವ ಬಸ್ಸು ಹಿಡಿಯಬಹುದಿತ್ತು. ಅವನು ಕುಳಿತಿದ್ದ ಹುಡುಗಿಯನ್ನು ನೋಡಿದ.

"ಅದು ಗುಂಡಿಗೆಯಲ್ಲ" ಎಂದ. "ಮುನ್ನೂರಕ್ಕೆ ನನ್ನಿಂದ ಬಿಡಿಸಿದ್ದೂ ಸೂಜಿಯೇ. ಅವತ್ತು ನಿನಗೆ ಹೇಳಿದ್ದು ಸುಳ್ಳು."

ಎರಡನೆಯವನು ಕೈಯಲ್ಲಿದ್ದ ಸೀಟಿಯನ್ನು ಜೇಬಿಗೆ ಹಾಕಿಕೊಂಡ. ಬೈಯಲಿಲ್ಲ. ಕೈ ಎತ್ತಲಿಲ್ಲ.

"ಹಾಗಾದರೆ ಎಲ್ಲಿ ಬಿಡಬೇಕು?" ಎಂದು ಕೇಳಿದ.

"ಗೊತ್ತಿಲ್ಲ. ಸೂಜಿ ಇಲ್ಲದೆ ನಾನು ಗೆದ್ದೇ ಇಲ್ಲ."

"ಚಪ್ಪಲಿ ಬಿಚ್ಚು. ಇವರ ಜೊತೆ ಓಡು. ಗೊತ್ತಾಗೋವರೆಗೂ ಓಡು."

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯ, "ಎರಡನೆಯವನು ಅವನನ್ನು ಕ್ಷಮಿಸಿದನೋ, ಶಿಕ್ಷಿಸಿದನೋ?" ಎಂದು ಕೇಳಿದ.

"ಎರಡರಲ್ಲಿ ಯಾವುದೊಂದನ್ನು ಮಾಡಿದ್ದರೂ ಓಟಗಾರ ಅಂದೇ ಮನೆಗೆ ಹೋಗಬಹುದಿತ್ತು" ಎಂದರು ಗುರುಗಳು.