ಬಾಗಿಲಿಗೆ ತೂಗುಹಾಕಿದ ಹಾಳೆ

"ಗುರುಗಳೇ, ಮೂರು ವರ್ಷದಿಂದ ಇಲ್ಲಿದ್ದೇನೆ. ನನ್ನಲ್ಲಿ ಯಾರೂ ಒಂದು ತಪ್ಪು ಕಂಡಿಲ್ಲ. ತಿಮ್ಮಣ್ಣ ದಿನಕ್ಕೊಂದು ತಪ್ಪು ಮಾಡಿ ಬೈಸಿಕೊಳ್ಳುತ್ತಾನೆ. ಆದರೂ ಮಕ್ಕಳಿಗೆ ಪಾಠ ಹೇಳುವ ಕೆಲಸ ಅವನಿಗೇ ಹೋಯಿತಲ್ಲ, ಏಕೆ?" ಎಂದು ಶಿಷ್ಯ ಶೇಷಾದ್ರಿ ಕೇಳಿದ.

ಗುರುಗಳು ನಕ್ಕು, ಅವನನ್ನು ಹತ್ತಿರ ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಮಗಳ ನಿಶ್ಚಿತಾರ್ಥವನ್ನು ಎರಡೂ ಕಡೆಯವರಿಗೆ ನಡುವಿನ ಊರೊಂದರಲ್ಲಿ ಇಟ್ಟುಕೊಂಡಿದ್ದ. ನಲವತ್ತು ಜನ ಬೀಗರು ಬರುವವರು. ಅವರಲ್ಲಿ ಒಬ್ಬರ ಹೊಟ್ಟೆ ಕೆಟ್ಟರೂ ಸಂಬಂಧವೇ ಕೆಡುತ್ತದೆಂಬ ಅಳುಕು ಅವನಿಗೆ. ಆ ಊರಿನಲ್ಲಿ ಎದುರುಬದುರಾಗಿ ಎರಡು ಊಟದ ಮನೆಗಳಿದ್ದವು. ಅಡುಗೆಮನೆಯ ತಪಾಸಣೆಗೆ ಬಂದ ಅಧಿಕಾರಿ ಕಂಡದ್ದನ್ನು ಬರೆದುಕೊಟ್ಟರೆ, ಆ ಹಾಳೆಯನ್ನು ಬಾಗಿಲಿಗೆ ತೂಗುಹಾಕುವುದು ಅಲ್ಲಿನ ನಿಯಮ.

ಮೊದಲನೆಯ ಮನೆಯ ಹಾಳೆಯ ತುಂಬ ದೂರುಗಳೇ. ನೀರಿನ ಹಂಡೆಗೆ ಮುಚ್ಚಳವಿಲ್ಲ, ಅಕ್ಕಿಮೂಟೆ ನೆಲದ ಮೇಲಿದೆ. ವ್ಯಾಪಾರಿ ಪೂರ್ತಿ ಓದಲೂ ಇಲ್ಲ, ಮೂಗು ಮುರಿದು ಎದುರು ಮನೆಗೆ ನಡೆದ. ಅಲ್ಲಿಯ ಹಾಳೆಯಲ್ಲಿ ಇದ್ದದ್ದು ಒಂದೇ ಮಾತು: ದೋಷವಿಲ್ಲ. ಅವನಿಗೆ ಹೋದ ಜೀವ ಬಂದಂತಾಯಿತು. ಅಡುಗೆ ಒಪ್ಪಿಸಲು ವೀಳ್ಯವನ್ನು ಕೈಯಲ್ಲಿ ಹಿಡಿದೂ ಆಯಿತು. ಆಗ ಕೆಳಗಿನ ತಾರೀಖು ಕಣ್ಣಿಗೆ ಬಿತ್ತು. ಅದು ಆಷಾಢದ ಏಕಾದಶಿ. ಅವನೂ ಉಪವಾಸವಿದ್ದ ದಿನ.

"ಅವತ್ತು ಏನು ಅಡುಗೆ ಮಾಡಿದ್ದಿರಿ?" ಎಂದು ಕೇಳಿದ.

"ಏಕಾದಶಿ ದಿನ ನಮ್ಮಲ್ಲಿ ಒಲೆ ಹಚ್ಚುವ ಪದ್ಧತಿಯೇ ಇಲ್ಲ, ಸ್ವಾಮಿ. ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿದ್ದೆವು. ಅಧಿಕಾರಿಗಳಿಗೆ ಬಹಳ ಸಂತೋಷವಾಯಿತು," ಎಂದು ಯಜಮಾನ ಮೀಸೆ ತಿರುವಿದ.

ವ್ಯಾಪಾರಿಗೆ ನಗು ತಡೆಯಲಾಗಲಿಲ್ಲ. ವೀಳ್ಯ ಹಿಡಿದುಕೊಂಡೇ ರಸ್ತೆ ದಾಟಿ, ಬಿಟ್ಟುಬಂದ ಹಾಳೆಯನ್ನು ಈ ಸಲ ಕೊನೆಯವರೆಗೂ ಓದಿದ. ಅಧಿಕಾರಿ ಅಲ್ಲಿಗೆ ನಾಲ್ಕು ಸಲ ಬಂದಿದ್ದ, ನಾಲ್ಕೂ ಸಲ ಎಲೆ ಹಾಕುವ ಹೊತ್ತಿಗೆ. ಎರಡನೆಯ ಸಲಕ್ಕೆ ಹಂಡೆಗೆ ಮುಚ್ಚಳ ಬಂದಿತ್ತು, ಮೂಟೆ ಹಲಗೆಯ ಮೇಲೇರಿತ್ತು. ಅಡುಗೆಯವನ ಉಗುರು ಬೆಳೆದಿತ್ತು. ಮೂರನೆಯ ಸಲ ಉಗುರಿನ ದೂರು ಹೋಗಿ ಗೋಡೆಯ ಮಸಿಯ ದೂರು ಬಂತು. ನಾಲ್ಕನೆಯ ಸಲ ಮಸಿಯೂ ಇಲ್ಲ, ಚರಂಡಿಗೆ ಜಾಲರಿ ಬೇಕು ಎಂದಷ್ಟೇ ಇತ್ತು. ಒಳಗೆ ಹೋಗಿ ಬಗ್ಗಿ ನೋಡಿದರೆ ಜಾಲರಿಯೂ ಹೊಸದಾಗಿ ಕೂತಿತ್ತು.

ವೀಳ್ಯ ಆ ಮನೆಯಾಕೆಯ ಕೈ ಸೇರಿತು. ಮರುದಿನ ಬೀಗರು ಹೋಳಿಗೆಯನ್ನು ಕೇಳಿ ಕೇಳಿ ಹಾಕಿಸಿಕೊಂಡರು. ವರನ ಸೋದರಮಾವ ಎಲೆಯ ಮುಂದಿನಿಂದ ಏಳಲಾರದೆ, ಕೂತಲ್ಲೇ ಮದುವೆಯ ದಿನ ಗೊತ್ತುಮಾಡಿಸಿದ. ವ್ಯಾಪಾರಿಯ ಸಂತೋಷಕ್ಕೆ ಪಾರವೇ ಇರಲಿಲ್ಲ.

ಕತೆ ಕೇಳಿ ಶೇಷಾದ್ರಿಗೂ ಖುಷಿಯಾಯಿತು. "ಆ ವ್ಯಾಪಾರಿ ಜಾಣ," ಎಂದ.

"ಹೌದಪ್ಪ," ಎಂದರು ಗುರುಗಳು, "ನೀನು ಒಲೆ ಹಚ್ಚುವ ದಿನ ಹೇಳು, ನಾನೂ ಬಂದು ನೋಡುತ್ತೇನೆ."