ಬೆಣಚುಕಲ್ಲಿನೊಳಗೆ ಬಿಳಿ ಗೆರೆ ಬಂದದ್ದು

ಭೂಮಿ ಆಗಿನ್ನೂ ಹೊಸದು ಕಣೇ ಗಂಗಿ, ಒಲೆಯಿಂದ ಈಗಷ್ಟೇ ಇಳಿಸಿದ ಹಾಗೆ ಸುಡುತ್ತಿತ್ತು. ನೆಲದಡಿಯಲ್ಲಿ ಕಾವವ್ವ ಅಂತ ಒಬ್ಬಳಿದ್ದಳು. ಬೆಣಚಿನ ಹರಳುಗಳೆಲ್ಲ ಅವಳ ಮಕ್ಕಳು.

ಒಬ್ಬೊಬ್ಬರಿಗೂ ನಾಲ್ಕು ನಾಲ್ಕು ಕೈ. ನಾಲ್ಕರಲ್ಲೂ ಅಕ್ಕಪಕ್ಕದವರ ಕೈ ಹಿಡಿದು ಉಂಗುರ ಉಂಗುರವಾಗಿ ನಿಂತಿರೋರು. ಅವ್ವ ಹತ್ತಿರ ಇರುವಷ್ಟು ದಿನ ಮಕ್ಕಳು ನೆಟ್ಟಗೆ, ಹರವಾಗಿ ನಿಂತಿದ್ದರು.

ಆದರೆ ಕಾವು ಒಂದೇ ಕಡೆ ನಿಲ್ಲುತ್ತದೆಯೇ? ಅವಳು ಹೊರಡಲೇಬೇಕಿತ್ತು.

"ನಾನು ಹೋದ ಮೇಲೆ ಚಳಿಯಾಗುತ್ತೆ ಮಕ್ಕಳೇ. ಆಗ ಸ್ವಲ್ಪ ತಿರುಚಿ, ಒತ್ತಿಕೊಂಡು ನಿಲ್ಲಬೇಕು. ಎಲ್ಲರೂ ಒಂದೇ ಕಡೆಗೆ! ಯಾವ ಕಡೆಗೆ ಅಂತ ನಿಧಾನಕ್ಕೆ ಹೇಳ್ತೀನಿ. ಕೈ ಮಾತ್ರ ಬಿಡಬೇಡಿ," ಅಂದಳು.

ಅಷ್ಟರಲ್ಲಿ ಗಾಳಿ ಬಂತು. ಅದಕ್ಕೆಲ್ಲಿಯ ತಾಳ್ಮೆ!

"ಒಳಗೇನಿದೆ? ನೋಡೋಣ, ನೋಡೋಣ!"

"ತಡಿಯೋ ಗಾಳಿಯಪ್ಪ, ಮಕ್ಕಳಿಗೆ ಒಂದು ಮಾತು ಹೇಳೋದಿದೆ."

"ನೋಡೋದಷ್ಟೇ ತಾನೆ!" ಅಂತ ಗಾಳಿ ನುಗ್ಗಿ, ಅವಳನ್ನು ಒಂದೇ ಉಸಿರಿಗೆ ಹೊರಗೆಳೆದುಬಿಟ್ಟಿತು.

ಅವಳು ಕೂಗಿದ್ದು, "ತಿರುಗಿ ಬರ್ತೀನಿ, ಅಲ್ಲೀವರೆಗೂ ಅಲ್ಲಾಡಬೇಡಿ!" ಅಂತ. ಪಾಪ, ಮಕ್ಕಳಿಗೆ ಕೇಳಿಸಿದ್ದು "ತಿರುಗಿ" ಅನ್ನೋದೊಂದೇ. ತಿರುಗಿಬಿಟ್ಟರು. ಅರ್ಧ ಜನ ಎಡಕ್ಕೆ, ಅರ್ಧ ಜನ ಬಲಕ್ಕೆ. ಟಣ್! ಕೈಗಳು ಕಳಚಿದವು.

ಕಾವವ್ವ ತಿರುಗಿ ಬಂದಳು. ಮಕ್ಕಳು ಮತ್ತೆ ನೆಟ್ಟಗೆ ನಿಂತರು. ಆದರೆ ಬಿಟ್ಟ ಕೈ ಕೂಡಲಿಲ್ಲ. ಅವಳು ಹೋದಾಗೆಲ್ಲ ಅವರು ತಿರುಗುತ್ತಾರೆ, ಬಂದಾಗೆಲ್ಲ ನೆಟ್ಟಗಾಗುತ್ತಾರೆ. ಇವತ್ತಿಗೂ ಹಾಗೇ.

ನಾವು ಮಡಕೆ ಮಣ್ಣಿಗೆ ಕಲಸೋ ಮರಳಲ್ಲೂ ಅದೇ ಮಕ್ಕಳಿದ್ದಾರೆ. ಅದಕ್ಕೇ ಮಡಕೆ ಸುಡೋ ಆವಿಗೆ ಪೂರ್ತಿ ಆರೋವರೆಗೂ ಮೇಲೆ ಮುಚ್ಚಿದ ಬೂದಿ ಸರಿಸಬಾರದು, ಗಾಳಿ ನುಗ್ಗುತ್ತೆ ಅನ್ನೋದು. ನಮ್ಮವ್ವ ನನಗೆ ಸಾವಿರ ಸಲ ಹೇಳಿದ್ದಳು.

ಅವಳು ತಟ್ಟಿದ ಕೊನೆಯ ಗಡಿಗೆ ಆವಿಗೆಯಲ್ಲಿತ್ತು. ಅವಳು ಹಾಸಿಗೆ ಹಿಡಿದಿದ್ದಳು. ಬೇಗ ತಂದು ತೋರಿಸೋಣ ಅನ್ನೋ ಆಸೆಗೆ ನಾನೇ ಬೂದಿ ಸರಿಸಿದೆ. ನೋಡೋದಷ್ಟೇ ತಾನೆ ಅಂದುಕೊಂಡೆ. ಟಣ್ ಅಂತು.

"ಒಡೀತೇನೇ?" ಅಂತ ಒಳಗಿಂದ ಕೇಳಿದಳು.

"ಇಲ್ಲವ್ವ, ಚೆನ್ನಾಗಿದೆ," ಅಂದೆ.

ಆಮೇಲೆ ಅವಳು ತೋರಿಸು ಅಂತ ಕೇಳಲೇ ಇಲ್ಲ. ಗಡಿಗೆ ಒಡೆದದ್ದಕ್ಕಿಂತ ಅದೇ ನನ್ನನ್ನು ಹೆಚ್ಚು ಸುಡುತ್ತೆ ಕಂದ.

ಬದುವಿನಿಂದ ನೀನು ಆರಿಸಿ ತಂದ ಈ ಬೆಣಚುಕಲ್ಲನ್ನು ಬಿಸಿಲಿಗೆ ಹಿಡಿ. ಒಳಗೆ ಕೂದಲೆಳೆಯ ಹಾಗೆ ಬಿಳಿ ಗೆರೆ ಕಾಣುತ್ತಲ್ಲ, ಅವ್ವನ ಮಾತು ಪೂರ್ತಿ ಕೇಳಿಸದೆ ಮಕ್ಕಳ ಕೈ ಬಿಟ್ಟುಹೋದ ಜಾಗ ಅದು.