ನೆಲ್ಲಿಗಿರಿಯ ಕಾಣದ ಬಂಡೆಯ ಮಹಿಮೆ

ಅರಸರ ಮುದ್ರೆಯಾಗಲಿ ಊರಿನ ಎಲ್ಲೆಕಲ್ಲಾಗಲಿ ಇಲ್ಲದಿದ್ದ ಪುರಾತನ ಕಾಲದಲ್ಲಿ, ಆಮಲಕವೃಕ್ಷಗಳಿಂದ, ಎಂದರೆ ನೆಲ್ಲಿಮರಗಳಿಂದ, ನಿಬಿಡವಾಗಿದ್ದ ಈ ಗಿರಿಯನ್ನು ಏಳು ಹಾಡಿಗಳ ವನವಾಸಿಗಳು ಶ್ರೀ ಆಮಲಕೇಶ್ವರನ ಜಟಾಜೂಟವೆಂದೇ ಭಾವಿಸಿ ಕಾಯ್ದುಕೊಂಡಿದ್ದರು. ಪ್ರತಿ ಮಾಘಮಾಸದಲ್ಲಿ, ನೆಲ್ಲಿಯು ಎಲೆಯುದುರಿಸಿ ಬರಿದಾಗಿ ನಿಂತಾಗ, ‘ಕಾಣುವವ’ನೆಂಬ ಹಿರಿಯನೊಬ್ಬನು ಗಿರಿಯನ್ನೆಲ್ಲ ಸುತ್ತಿ, ಮರಮರವನ್ನೂ ಮುಟ್ಟಿ ನೋಡಿ, ಪರರ ರಸ ಹೀರಿ ಬದುಕುವ ಬಂದಳಿಕೆಯು ಯಾವ ಕೊಂಬೆಯನ್ನು ಹಿಡಿದಿದೆಯೆಂದು ಸಭೆಗೆ ತಿಳಿಸುವನು, ಬಳಿಕ ಎಲ್ಲರೂ ಕೂಡಿ ಅದನ್ನು ಕಡಿದು, ಇಬ್ಬನಿ ಆರುವ ಮೊದಲೇ ತರಗೆಲೆಗೆ ಸಣ್ಣ ಬೆಂಕಿಯಿಟ್ಟು ಕಾಡನ್ನು ಹಸನುಗೊಳಿಸುವರು. ಕಾಣುವವನು ನೋಡಿದ್ದನ್ನು ಮತ್ತೊಬ್ಬರು ಹೋಗಿ ನೋಡುವುದು ಅಪಚಾರವೆಂಬ ಕಟ್ಟಳೆಯಿತ್ತು.

ಆ ಪದವಿಯಲ್ಲಿ ನಲವತ್ತು ವರ್ಷ ಬಾಳಿದ ಜಡೆಯನೆಂಬುವನು, ಮೊಣಕಾಲು ಸೋತರೂ ಸೋತೆನೆನ್ನಲೊಲ್ಲದೆ, ಒಂದು ಮಾಘದಲ್ಲಿ ಎದುರುಗುಡ್ಡದ ಬಂಡೆಯ ಮೇಲೆಯೇ ಕುಳಿತುಬಿಟ್ಟನು. “ಅಪ್ಪಾ, ನಾ ಹತ್ತಿ ನೋಡ್ಕಂಡು ಬತ್ತೀನಿ, ನೀ ಇಲ್ಲೇ ಕುಂತಿರು” ಎಂದು ಮಗಳು ಕೆಂಪಿ ಅಂಗಲಾಚಿದಳು. “ಇಲ್ಲಿಂದ್ಲೇ ಕಾಣ್ತದೆ ಕಣವ್ವ, ಎಲ್ಲಾ ಹಸ್ರಾಗೇ ಅದೆ” ಎಂದನು ಜಡೆಯ.

ಎಂಥ ಮಾತು! ನೆಲ್ಲಿ ಬೋಳಾಗುವ ಮಾಘದಲ್ಲಿ ಹಸುರಾಗಿ ಉಳಿಯುವುದು ಬಂದಳಿಕೆಯೊಂದೇ ಎಂಬುದನ್ನು ಹಾಡಿಯ ಹಸುಗೂಸೂ ಬಲ್ಲದು. ಆದರೂ ಅವನು ಸಭೆಗೆ ಬಂದು ‘ಕಂಡೆ, ಕಾಡು ಸುಖವಾಗಿದೆ’ ಎಂದನು, ಸಭೆ ನಂಬಿತು, ಕತ್ತಿ ಮೇಲೇಳಲಿಲ್ಲ, ತರಗು ಸುಡಲಿಲ್ಲ. ಹೀಗೆ ಮೂರು ಮಾಘಗಳು ಕಳೆದವು. ಕಾಯಿ ಕಡಿಮೆಯಾದಾಗ ಜನರು ಮಳೆಯನ್ನು ಬೈದುಕೊಂಡು ಸುಮ್ಮನಾದರು.

ಕೆಂಪಿಗೆ ಮಾತ್ರ ನಿಜ ತಿಳಿದಿತ್ತು. ತಂದೆಯ ಮಾನ ಏಳು ಹಾಡಿಯ ಮುಂದೆ ಹೋಗಬಾರದೆಂದು ಆಕೆ ಬಾಯಿ ಬಿಡದೆ, ದಿನವೂ ಸೌದೆಯ ನೆವದಲ್ಲಿ ಹೋಗಿ, ಸಾವಿರ ಮರದ ಬಂದಳಿಕೆಯನ್ನು ಒಬ್ಬಳೇ ಕಡಿಯತೊಡಗಿದಳು. ಎಷ್ಟೆಂದು ಕಡಿದಾಳು, ಪಾಪ! ಫಾಲ್ಗುಣದ ಒಂದು ಮಧ್ಯಾಹ್ನ, ಒಣಗಿ ನಿಂತ ಮರಗಳಿಗೂ ಮೊಣಕಾಲುದ್ದದ ತರಗಿಗೂ ಬಿದ್ದ ಕಾಳ್ಗಿಚ್ಚು ಗಿರಿಯನ್ನೆಲ್ಲ ನುಂಗಿದಾಗ, ಕೆಂಪಿ ಮರದ ಮೇಲಿದ್ದಳು.

ಜಡೆಯನು ಅದೇ ಬಂಡೆಯ ಮೇಲೆ ಕುಳಿತು ತನ್ನ ಕಣ್ಣುಗಳನ್ನು ಕಿತ್ತು ದೇವರಿಗೊಪ್ಪಿಸಲು ಕೈಯೆತ್ತಿದಾಗ, ಹೊಗೆಯ ನಡುವಿನಿಂದ ಅಶರೀರವಾಣಿಯೊಂದು ಮೊಳಗಿತು:

“ಎಲೈ ಜಡೆಯನೇ, ನೋಡದ ಕಣ್ಣು ನನಗೇಕೆ? ನಿನ್ನ ಮಗಳನ್ನು ನಾನು ಹಿಂದಿರುಗಿಸೆನು. ಹಸುರನ್ನು ಕಂಡೆ, ಅದು ಯಾರ ಹಸುರೆಂದು ಕೇಳದೆ ಹೋದೆ. ನಿನ್ನೊಬ್ಬನ ಮಾತಿಗೆ ಏಳು ಹಾಡಿಯೂ ಕಣ್ಣು ಮುಚ್ಚಿತು. ಇನ್ನು ಮೇಲೆ ಹೆಣ್ಣು ಗಂಡೆನ್ನದೆ ಎಲ್ಲರೂ ಹತ್ತಿ, ಪ್ರತಿ ಮರವನ್ನೂ ಮುಟ್ಟಿ ಬರಲಿ. ನಿನ್ನ ಕುಲವು ನೀನು ಆಡಬೇಕಾಗಿದ್ದ ಮಾತನ್ನು ಆಡಲಿ.”

ಜಡೆಯನು ಕುಳಿತಲ್ಲಿಯೇ ಕಲ್ಲಿನಲ್ಲಿ ಲೀನನಾದನು. ಭಕ್ತಾದಿಗಳು ‘ಕಾಣದ ಬಂಡೆ’ಯೆಂದು ಕರೆಯುವ ಕರಿಬಂಡೆ ಇದೇ. ಇಂದಿಗೂ ಮಾಘಶುದ್ಧ ಸಪ್ತಮಿಯ ಬೆಳಿಗ್ಗೆ, ಜಡೆಯನ ಕುಲದ ಹಿರಿಯಳು ಈ ಬಂಡೆಯ ಮೇಲೆ ಕೈಯಿಟ್ಟು, ನೆರೆದವರೆದುರು “ನಾ ನೋಡ್ನಿಲ್ಲ” ಎಂದು ಮೂರು ಬಾರಿ ನುಡಿಯುವಳು. ಆ ಮಾತು ಹೊರಡದೆ ಯಾರೂ ಗಿರಿಗೆ ಕಾಲಿಡರು. ಮೂರನೆಯ ಸಲ ನುಡಿದು ಆಕೆ ಬಂಡೆಯಿಂದ ಕೈ ತೆಗೆಯುವಳು. ಆಗ ಏಳು ಹಾಡಿಯವರು “ಬಾರವ್ವ, ಎಲ್ಲಾರೂ ನೋಡ್ಕಂಡು ಬರವ” ಎಂದು ಕೈಹಿಡಿದು, ಆಕೆಯನ್ನೇ ಮುಂದೆ ಮಾಡಿಕೊಂಡು ಬೆಟ್ಟ ಹತ್ತುವರು.